ಕಿಟಕಿಯಿಂದ ಹಿಡಿದ ಸೀಟು

“ಅಣ್ಣಾರ... ಅಣ್ಣಾರ! ಇದನ್ನ ಆ ಬಾಜೂ ಸೀಟಿಗೆ ಇಡ್ರಿ!”

ಇಪ್ಪತ್ತೇಳು ವರ್ಷದ ರಂಜನಾ, ಗುರುತಿಲ್ಲದ ಗಂಡಸೊಬ್ಬನ ಹತ್ತಿರ ತಾನಾಗಿಯೇ ಆಡಿದ ಮೊದಲ ಮಾತು ಇದು!

ಹಿರೇಕೆರೂರಿನ ಬಸ್ ನಿಲ್ದಾಣ. ಸಂತೆಯ ಸಂಜೆ. ರಟ್ಟೀಹಳ್ಳಿ ಬಸ್ಸು ಇನ್ನೂ ಸರಿಯಾಗಿ ನಿಂತೂ ಇರಲಿಲ್ಲ, ಅಷ್ಟರಲ್ಲೇ ಟವೆಲ್ಲು, ಚೀಲ, ಒಂದು ಹೊಸ ಮೊರ ಕೂಡ ಕಿಟಕಿಗಳಿಂದ ಒಳಗೆ ಬಿದ್ದಿದ್ದವು. ಈ ಕಡೆಯ ರಿವಾಜೇ ಅದು. ಯಾರ ಸಾಮಾನು ಮೊದಲು ಒಳಗೆ ಹೋಯಿತೋ, ಸೀಟು ಅವರದು. ಎಷ್ಟೇ ನೂಕುನುಗ್ಗಲಿರಲಿ, ಅದನ್ನು ಯಾರೂ ಎತ್ತಿ ಕೆಳಗಿಡುವುದಿಲ್ಲ.

ರಂಜನಾಳ ಹತ್ತಿರ ಕರವಸ್ತ್ರವೂ ಇರಲಿಲ್ಲ. ಬೆಳಗಿನಿಂದ ಜೆರಾಕ್ಸ್ ಅಂಗಡಿಯಲ್ಲಿ ನಿಂತು ನಿಂತು ಕಾಲು ಮರಗಟ್ಟಿದ್ದವು. ಇವತ್ತು ಮಾತ್ರ ನಿಂತು ಹೋಗುವುದು ಸಾಧ್ಯವೇ ಇಲ್ಲ ಅನಿಸಿತ್ತು. ಬ್ಯಾಗಿಗೆ ಕೈ ಹಾಕಿದಾಗ ಸಿಕ್ಕಿದ್ದನ್ನು ಹಾಗೇ ಕಿಟಕಿಗೆ ಚಾಚಿದ್ದಳು.

ಕಂದು ಹಾಳೆಯ ಹೊದಿಕೆ ಹಾಕಿದ ಡೈರಿ.

ಕಿಟಕಿಯ ಪಕ್ಕ ಕುಳಿತಿದ್ದವನು ಬಿಸಿಲಿಗೆ ಕಂದಿದ ಮುಖವೆತ್ತಿ ನೋಡಿದ. ಏನೂ ಕೇಳಲಿಲ್ಲ. ಡೈರಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಪಕ್ಕದ ಸೀಟಿನ ಮೇಲೆ ಮೆಲ್ಲಗೆ ಇಟ್ಟ.

ಎರಡೂ ಕೈಯಲ್ಲಿ!

ಅವಳು ನೋಡುವ ಜಪಾನಿನ ಧಾರಾವಾಹಿಗಳಲ್ಲಿ ಜನ ಒಂದು ಸಣ್ಣ ಕಾರ್ಡನ್ನೂ ಹಾಗೇ ತೆಗೆದುಕೊಳ್ಳುತ್ತಾರೆ. ಅದನ್ನೇ ನೋಡುತ್ತ ಒಂದು ಕ್ಷಣ ನಿಂತುಬಿಟ್ಟಳು. ಆ ಒಂದು ಕ್ಷಣ ಸಾಕಾಯಿತು. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಮೆಟ್ಟಿಲ ಮೇಲೆಲ್ಲ ಜನ ಜೋತುಬಿದ್ದಿದ್ದರು.

“ಹಿಂದ ಇನ್ನೊಂದು ಬಸ್ ಐತಿ, ಅದಕ್ಕ ಬರ್ರಿ!” ಎಂದು ಕಂಡಕ್ಟರ್ ಸೀಟಿ ಊದಿದ.

ಡೈರಿ ಸೀಟು ಹಿಡಿದು ಹೊರಟುಹೋಯಿತು. ಒಡತಿ ನಿಲ್ದಾಣದಲ್ಲೇ ಉಳಿದಳು.

‘ಅಯ್ಯೋ... ಅದರಾಗ ಎಲ್ಲಾ ಐತಲ್ಲ!’

ಎಲ್ಲಾ ಎಂದರೆ ಎಲ್ಲವೂ! ಬಿ.ಎ. ಮುಗಿಸಿದ ಮೇಲೆ ರಂಜನಾ ಮಾತಾಡಿದ್ದಕ್ಕಿಂತ ಬರೆದದ್ದೇ ಹೆಚ್ಚು. ಮಧ್ಯಾಹ್ನ ಊಟದ ಹೊತ್ತಿಗೆ, ಬೆಳಗಿನ ಬಸ್ಸಿನಲ್ಲಿ, ಮೊಬೈಲಿನಲ್ಲಿ ಜಪಾನಿನ ಧಾರಾವಾಹಿ ನೋಡುವುದು. ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದಿಕೊಂಡು ಅರ್ಥ ಮಾಡಿಕೊಳ್ಳುವುದು. ಅನಿಸಿದ್ದನ್ನು ಡೈರಿಯಲ್ಲಿ ಬರೆಯುವುದು.

“ಇಲ್ಲಿ ಯಾರೂ ಕಿರುಚುವುದಿಲ್ಲ. ಒಬ್ಬರ ಮುಖಕ್ಕೆ ಕ್ಯಾಮೆರಾ ಮೂರು ಸಲ ಬಡಿಯುವುದಿಲ್ಲ. ಹತ್ತು ಕಂತಿಗೆ ಕಥೆ ಮುಗಿಯುತ್ತದೆ. ಮುಗಿಯುವುದು ಎಷ್ಟು ದೊಡ್ಡ ಉಪಕಾರ!”

ಇನ್ನೊಂದು ಕಡೆ ಹೀಗೆ:

“ಆಫೀಸಿನಿಂದ ದಣಿದು ಬರುವ ಹೆಂಗಸು ರೈಲಿನಲ್ಲಿ ನಿದ್ದೆ ಹೋಗುತ್ತಾಳೆ. ಯಾರೂ ಅವಳನ್ನು ‘ಯಾಕ ಹಿಂಗ ಅದಿ’ ಎಂದು ಕೇಳುವುದಿಲ್ಲ. ಎಲ್ಲರೂ ದಣಿದಿದ್ದಾರೆ, ಅದಕ್ಕೇ ಇರಬೇಕು. ಹೊರಗೆ ಹೊರಟಾಗ ‘ಇತ್ತೆಕಿಮಾಸು’ ಅನ್ನುತ್ತಾರೆ. ಅಂದರೆ ಹೋಗಿ ಬರ್ತೇನಿ! ನಮ್ಮಂತೆಯೇ. ತಿರುಗಿ ಬಂದಾಗ ‘ತದಾಯಿಮಾ’. ಬಂದೆ. ಒಬ್ಬಳೇ ಇರುವ ಹೆಂಗಸು ಖಾಲಿ ಖೋಲಿಗೂ ‘ಬಂದೆ’ ಅಂದಳು. ನಾನು ಅತ್ತುಬಿಟ್ಟೆ. ನಮ್ಮ ಮನೆ ಖಾಲಿ ಇಲ್ಲ. ಆದರೂ ನನ್ನನ್ನು ಯಾರೂ ‘ಬಂದ್ಯಾ’ ಅನ್ನುವುದಿಲ್ಲ. ‘ಅವರ ಕಡಿಂದ ಏನರ ಫೋನ್ ಬಂತಾ’ ಅನ್ನುತ್ತಾರೆ.”

‘ಅವರು’ ಅಂದರೆ ಅವಳನ್ನು ನೋಡಲು ಬಂದವರು. ಇಲ್ಲಿಯವರೆಗೆ ಒಂಬತ್ತು ಮನೆಯವರು. ಯಾರು ಬಂದರು, ಹೋದ ಮೇಲೆ ಏನೆಂದು ಹೇಳಿ ಕಳಿಸಿದರು, ಎಲ್ಲವೂ ಡೈರಿಯ ಕೊನೆಯ ಪುಟಗಳಲ್ಲಿತ್ತು. ಹುಡುಗಿ ಮಾತಾಡೂದಿಲ್ಲ. ಹುಡುಗಿ ಕುಳ್ಳಗ ಕಾಣ್ತಾಳ. ಹುಡುಗಿ ನಗೂದಿಲ್ಲ, ಮನ್ಯಾಗ ಏನೋ ಕಟಪಟಿ ಇರಬೇಕು...

ಅದೆಲ್ಲ ಈಗ ಒಬ್ಬ ಅಪರಿಚಿತನ ಪಕ್ಕದ ಸೀಟಿನಲ್ಲಿ!

* * *

ಮರುದಿನ ಬೆಳಿಗ್ಗೆ ರಟ್ಟೀಹಳ್ಳಿಯ ನಿಲ್ದಾಣದಲ್ಲಿ ಅವನು ನಿಂತಿದ್ದ. ಅವಳನ್ನು ಕಂಡವನೇ ಹತ್ತಿರ ಬಂದು, ಮತ್ತೆ ಎರಡೂ ಕೈಯಲ್ಲಿ ಡೈರಿ ಚಾಚಿದ.

“ತಗೊಳ್ರಿ. ನಿಮ್ಮ ಡೈರಿ ಆರಾಮ ಕುಂತು ಬಂತು. ನಾ ನಿಂತು ಬಂದೆ.”

“ಹಂಗಂದ್ರ?”

“ವಯಸ್ಸಾದ ಒಬ್ಬ ಆಯಿ ನಿಂತಿದ್ಲು. ನನ್ನ ಸೀಟು ಬಿಟ್ಟು ಕೊಟ್ಟೆ. ನಿಮ್ಮದು ಕೊಡಾಕ ಬರೂದಿಲ್ಲಲ್ರಿ, ನೀವು ಹಿಡದಿದ್ರಿ! ಹಿಂದಿನ ಬಾಗಲದಾಗ ಹತ್ತೀರಿ ಅಂತ ತಿಳಕೊಂಡಿದ್ದೆ. ‘ಬರ್ತಾರ, ಬರ್ತಾರ’ ಅನ್ಕೋತನ ಬಂದೆ. ರಟ್ಟೀಹಳ್ಳಿ ಮಟಾ ಮಂದಿ ನನಗ ಬೈದ್ರು.”

ರಂಜನಾಳಿಗೆ ನಗು ಬಂತು. ನುಂಗಿಕೊಂಡಳು.

“ಇದನ್ನ... ಓದಿದ್ರೇನು?”

“ಇಲ್ರಿ!”

ಬಹಳ ಬೇಗ ಹೇಳಿದ. ಅವಳು ನಂಬಿದಳು. ನಂಬದೆ ಇದ್ದರೆ ಆ ಬಸ್ಸು ಹತ್ತಲು ಅವಳಿಗೆ ಸಾಧ್ಯವಿರಲಿಲ್ಲ.

ಅವನ ಹೆಸರು ಲೋಹಿತ. ಹಾನಗಲ್ ತಾಲೂಕಿನ ಆಡೂರಿನವನು. ಹೊಲ ಅಳೆಯುವ ಸರ್ವೆಯರ್. ರಟ್ಟೀಹಳ್ಳಿಯಲ್ಲಿ ಒಂದು ಖೋಲಿ ಮಾಡಿಕೊಂಡು ದಿನಾ ಹಿರೇಕೆರೂರಿಗೆ ಹೋಗಿ ಬರುತ್ತಿದ್ದ. ಅದರ ಮರುದಿನ ಅವಳು ಬಸ್ಸು ಹತ್ತಿದಾಗ ಒಂದು ಸೀಟಿನ ಮೇಲೆ ಟವೆಲ್ಲಿತ್ತು. ಪಕ್ಕದಲ್ಲಿ ಲೋಹಿತ ಇದ್ದ. ಟವೆಲ್ ಎತ್ತಿಕೊಂಡು ಕೇಳಿದ.

“ಬಂದ್ರಿ?”

ಎಷ್ಟು ಸಣ್ಣ ಮಾತು! ಯಾರಿಗೂ ಹೇಳದೆ ಡೈರಿಯಲ್ಲಿ ಬಚ್ಚಿಟ್ಟ ಮಾತು, ತಾನಾಗಿಯೇ ಅವನ ಬಾಯಲ್ಲಿ ಬಂದಿತ್ತು...

“ಬಂದೆ,” ಎಂದಳು. ದನಿ ಹೊರಗೆ ಬಂತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ.

ಅಲ್ಲಿಂದ ಎರಡು ತಿಂಗಳು ದಿನಾ ಬೆಳಿಗ್ಗೆ ಅದೇ ಮಾತು. ಬಂದ್ರಿ? ಬಂದೆ. ಮೆಲ್ಲಗೆ ಅವಳ ಬಾಯಿ ಬಿಚ್ಚಿತು. ಮೊಬೈಲಿನಲ್ಲಿ ಏನು ನೋಡುತ್ತೀರಿ ಎಂದು ಅವನು ಕೇಳಿದ. ಅವಳು ತೋರಿಸಿದಳು. ರೈಲು ನಿಲ್ದಾಣದಲ್ಲಿ ಜನ ಕಳೆದುಕೊಂಡ ಸಾಮಾನು ಕಾಯುವ ಕಚೇರಿ, ಅಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸಿನ ಕಥೆ. ವಾರದೊಳಗೆ ಅವನೂ ಅಂಥ ಧಾರಾವಾಹಿಗಳನ್ನು ನೋಡಲು ಶುರು ಮಾಡಿದ.

“ಅಲ್ರಿ, ಕಳದ ಸಾಮಾನಿನ ಕಥಿಗಿಂತ ಮೊದಲು ಇದನ್ನ ನೋಡ್ರಿ ಅಂದಿದ್ರಲ್ಲ, ಆ ಪ್ರೀತಿ ಕಥಿ ನೋಡಿ ಮುಗಿಸಿದೆ. ಆ ಹುಡುಗ ಹತ್ತನೇ ಕಂತಿನ್ಯಾಗ ‘ನೀವಂದ್ರ ನನಗ ಇಷ್ಟ’ ಅಂದ. ಒಂಬತ್ತು ಕಂತು ಏನ್ ಮಾಡಿದ ಅವ?”

“ಛತ್ರಿ ಹಿಡದ.”

“ಬರೇ ಛತ್ರಿ?”

“ಒಮ್ಮೆ ಅಕೀ ಚೀಲಾನೂ ಹಿಡದ.”

ಲೋಹಿತ ಗಟ್ಟಿಯಾಗಿ ನಕ್ಕ. ಮುಂದಿನ ಸೀಟಿನವರು ತಿರುಗಿ ನೋಡಿದರು.

“ಅಲ್ಲೆ ಎಲ್ಲಾರೂ ಬಗ್ಗಿ ಬಗ್ಗಿ ಕ್ಷಮಾ ಕೇಳ್ತಾರಲ್ರಿ... ನಿನ್ನೆ ಇಬ್ಬರು ಅಣತಮ್ಮರ ಹೊಲ ಅಳ್ಯಾಕ ಹೋಗಿದ್ದೆ. ಒಂದ ಒಂದು ಬದುವಿನ ಸಲುವಾಗಿ ಮೂರು ತಾಸು ಒದರಾಡಿದ್ರು. ಇಬ್ಬರನೂ ಹಿಡದು ಆ ಧಾರಾವಾಹಿ ಮುಂದ ಕುಂದರಸಬೇಕು ಅನಿಸ್ತು.”

“ಆಮ್ಯಾಲೇನಾತು?”

“ಕಡೀಕ ಇಬ್ಬರೂ ಕೂಡಿ ನನಗ ಬೈದ್ರು. ನನ್ನ ಪುಣ್ಯಾದಿಂದ ಅಣತಮ್ಮರು ಒಂದಾದ್ರು!”

ಅಂಗಡಿಯ ಒಡತಿ ಬಿಬಿಜಾನಕ್ಕ, ರಂಜನಾ ಕೆಲಸದ ನಡುವೆ ಸುಮ್ಮನೆ ನಗುವುದನ್ನು ಕಂಡು ಕನ್ನಡಕದ ಮೇಲಿಂದ ನೋಡಿದಳು. “ಏನವಾ, ಜೆರಾಕ್ಸ್ ಮಶೀನ್ ಏನರ ಜೋಕ್ ಹೇಳಿತೇನು?”

* * *

ಅದೊಂದು ಬೆಳಿಗ್ಗೆ ರಂಜನಾ ಬಹಳ ದಣಿದಿದ್ದಳು. ಹಿಂದಿನ ಸಂಜೆ ಅವ್ವ ಹೊಸದೊಂದು ಸಂಬಂಧದ ಮಾತು ತೆಗೆದಿದ್ದಳು. ಹತ್ತನೆಯದು. ಬಸ್ಸು ಹತ್ತಿದವಳೇ ಕಿಟಕಿಗೆ ತಲೆ ಆನಿಸಿ ಕುಳಿತಳು.

ಲೋಹಿತನಿಗೆ ಅದನ್ನು ನೋಡಲಾಗಲಿಲ್ಲ. ಸಮಾಧಾನ ಮಾಡಬೇಕೆಂದು ಏನೋ ಹೇಳಲು ಹೋದ.

“ಹಿಂಗ ಸಪ್ಪಗ ಕುಂದರಬ್ಯಾಡ್ರಿ. ಖಾಲಿ ಖೋಲಿಗೆ ಬಂದು ‘ಬಂದೆ’ ಅಂದಕೀನ ನೋಡಿ ನೀವು ಅತ್ತಿದ್ರಲ್ಲ... ನಿಮ್ಮ ಮನ್ಯಾಗ ಯಾರೂ ‘ಬಂದ್ಯಾ’ ಅನ್ನದಿದ್ರ ಏನಾತ್ರಿ, ಅದಕ್ಕ ನಾ ದಿನಾ...”

ಅಲ್ಲಿಗೆ ನಿಲ್ಲಿಸಿದ.

ತಡವಾಗಿತ್ತು.

ರಂಜನಾ ಮೆಲ್ಲಗೆ ತಲೆ ಎತ್ತಿದಳು. “ನಾ ಅತ್ತದ್ದು ನಿಮಗ ಯಾರು ಹೇಳಿದ್ರು?”

ಲೋಹಿತ ಸುಮ್ಮನಾದ. ಜಪಾನಿನ ಧಾರಾವಾಹಿಗಳಲ್ಲಿ ಇಂಥ ಹೊತ್ತಿಗೆ ಅರ್ಧ ನಿಮಿಷ ಮಾತಿರುವುದಿಲ್ಲ. ಅದು ಎಷ್ಟು ಚಂದ ಎಂದು ಅವಳು ಒಮ್ಮೆ ಬರೆದಿದ್ದಳು. ನಿಜವಾಗಿ ಬಂದಾಗ ಅದು ಚಂದವಿರಲಿಲ್ಲ.

“ಓದೀರಿ.”

“ರಂಜನಾ ಅವರ...”

“ಕಡೀ ಪುಟಾನೂ?”

ಅವನು ತಲೆ ತಗ್ಗಿಸಿದ.

ಕಡೆಯ ಪುಟ. ಹುಡುಗಿ ಕುಳ್ಳಗ ಕಾಣ್ತಾಳ. ಹುಡುಗಿ ನಗೂದಿಲ್ಲ... ಇಷ್ಟು ದಿನ ಪಕ್ಕದಲ್ಲಿ ಕುಳಿತು ಅದೆಲ್ಲ ಗೊತ್ತಿದ್ದೂ ನಗಿಸುತ್ತಿದ್ದನೇ? ಆ ‘ಬಂದ್ರಿ?’ ಕೂಡ ಅವನದಲ್ಲ. ಅವಳ ಡೈರಿಯದೇ. ಅವಳ ಹಸಿವನ್ನು ಓದಿಕೊಂಡು, ಕರುಣೆ ಬಂದು, ದಿನಾ ಒಂದು ತುತ್ತು ಹಾಕಿದ್ದ. ಅಷ್ಟೇ.

“ಇಳೀತೇನ್ರಿ, ನಿಲ್ಲಸ್ರಿ!” ಎಂದು ಕಂಡಕ್ಟರಿಗೆ ಕೂಗಿದಳು.

ನಡುವಿನ ಹಳ್ಳಿಯ ಸ್ಟಾಪಿನಲ್ಲಿ ಇಳಿದು, ಮುಂದಿನ ಬಸ್ಸಿಗೆ ಮುಕ್ಕಾಲು ತಾಸು ನಿಂತಳು. ಸುತ್ತ ಗೋವಿನಜೋಳದ ಹೊಲ. ಅಳಬೇಕು ಅನಿಸಿತು. ಅಳಲೂ ದಣಿವಾಗಿತ್ತು.

* * *

ಅಂದಿನಿಂದ ಅವಳು ಒಂದು ತಾಸು ಮೊದಲಿನ ಬಸ್ಸಿಗೆ ಹೋದಳು. ಸಂಜೆ ಒಂದು ಬಸ್ಸು ಬಿಟ್ಟು ಬಂದಳು. ಧಾರಾವಾಹಿ ನೋಡುವುದನ್ನೇ ನಿಲ್ಲಿಸಿದಳು. ಡೈರಿಯಲ್ಲೂ ಬರೆಯಲಿಲ್ಲ. ಬರೆದದ್ದನ್ನೆಲ್ಲ ಯಾರೋ ಹೆಗಲ ಮೇಲಿಂದ ಇಣುಕಿ ಓದುತ್ತಿರುವಂತೆ ಅನಿಸುತ್ತಿತ್ತು.

ವಾರದ ಕೊನೆಗೆ ಅವ್ವ ಸರೋಜವ್ವ ಹೇಳಿದಳು. “ಸವಣೂರವರು ಐತವಾರ ಬರ್ತಾರಂತ. ಹುಡುಗನ ಫೋಟೋ ನಿಮ್ಮಪ್ಪನ ಮೊಬೈಲಿನ್ಯಾಗ ಐತಿ, ನೋಡು.”

“ನೋಡೂದೇನೈತಿ ಬೇ. ಅವರು ಹ್ಞೂಂ ಅಂದ್ರ ನಂದೂ ಹ್ಞೂಂ.”

“ಹಂಗಂದ್ರೇನ? ನಿನಗ ಸೇರಬೇಕಲ್ಲ?”

“ನನಗ ಸಾಕಾಗೇತಿ. ಇದೊಂದ ಸಲ ಸೀರಿ ಉಟ್ಟು ಕುಂದರತೇನಿ. ಇನ್ನೊಮ್ಮೆ ಕುಂದರಸಬ್ಯಾಡ.”

ಸರೋಜವ್ವ ಮಗಳ ಮುಖ ನೋಡಿದಳು. ಆಮೇಲೆ ಒಲೆಯ ಕಡೆ ತಿರುಗಿದಳು.

ಶನಿವಾರ ಅಂಗಡಿಯಲ್ಲಿ ಬಿಬಿಜಾನಕ್ಕ ಬಿಡಲಿಲ್ಲ. ಜೆರಾಕ್ಸಿಗೆ ಬಂದ ಹೊಲದ ಉತಾರದ ಹಾಳೆಗಳನ್ನು ಪಕ್ಕಕ್ಕೆ ಸರಿಸಿ, ಬಾಗಿಲು ಅರ್ಧ ಮುಚ್ಚಿ, ಎಲ್ಲವನ್ನೂ ಬಾಯಿ ಬಿಡಿಸಿದಳು. ಕೇಳಿದ ಮೇಲೆ ಒಂದು ಗುಟುಕು ಚಹಾ ಕುಡಿದಳು.

“ಓದಿದ್ದು ತಪ್ಪು. ಇಲ್ಲ ಅಂದಿದ್ದು ದೊಡ್ಡ ತಪ್ಪು. ಖರೇ. ಅವನ್ನ ಬೈಯ್ಯಿ. ಬೇಕಾದ್ರ ನನ್ನ ಕಡೆ ಕಳಸು, ನಾನೂ ಬೈತೇನಿ.”

“ಬೈಯ್ಯೂದು ಬ್ಯಾಡ ಬಿಡಕ್ಕಾ.”

“ಮತ್ತ? ತಪ್ಪು ಮಾಡಿದವ ಅವ. ಯಾರಿಗೋ ಕಣ್ಣು ಮುಚ್ಚಿ ಹ್ಞೂಂ ಅಂದು ಶಿಕ್ಷಾ ನಿನಗ್ಯಾಕ ಕೊಟ್ಕೊಳಾಕತ್ತೀ?”

ರಂಜನಾ ಆ ಹಾಳೆಗಳನ್ನು ಮತ್ತೆ ತನ್ನ ಕಡೆ ಎಳೆದುಕೊಂಡಳು.

* * *

ಆ ಸಂಜೆ ಅವಳು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದಳು. ಪಕ್ಕದ ಸೀಟು ಖಾಲಿ ಇತ್ತು. ನಾಳೆ ಈ ಹೊತ್ತಿಗೆ ಎಲ್ಲ ಗೊತ್ತಾಗಿರುತ್ತದೆ ಎಂದುಕೊಂಡಳು. ಮುಗಿದಿರುತ್ತದೆ. ಮುಗಿಯುವುದು ದೊಡ್ಡ ಉಪಕಾರ...

ಕಿಟಕಿಯಿಂದ ಒಂದು ಕೈ ಒಳಗೆ ಬಂತು.

ಬಿಸಿಲಿಗೆ ಕಂದಿದ ಕೈ. ಅದರಲ್ಲಿ ಉದ್ದನೆಯ, ಮೂಲೆ ಮಡಚಿದ ಒಂದು ಪುಸ್ತಕ. ಹೊಲ ಅಳೆಯುವಾಗ ಲೆಕ್ಕ ಗುರುತು ಹಾಕಿಕೊಳ್ಳುವಂಥದ್ದು. ಆ ಕೈ ಅವಳನ್ನು ಮುಟ್ಟದಂತೆ ಬಳಸಿ, ಪುಸ್ತಕವನ್ನು ಖಾಲಿ ಸೀಟಿನ ಮೇಲೆ ಇಟ್ಟಿತು.

“ಸೀಟು ಹಿಡದೇನ್ರಿ,” ಎಂದ ಲೋಹಿತ ಕೆಳಗೆ ನಿಂತು. ಮುಖದಲ್ಲಿ ನಿದ್ದೆಯಿಲ್ಲದ ಕಳೆ. “ನಾ ಹತ್ತೂದಿಲ್ಲ. ಹೆದರಬ್ಯಾಡ್ರಿ. ನಿಮ್ಮದು ನಾ ಓದೇನಿ, ನಂದು ನೀವು ಓದ್ರಿ. ಆಮ್ಯಾಲೆ ಬೇಕಾದ್ರ ಕಿಟಕಿಯಿಂದ ಒಗದುಬಿಡ್ರಿ.”

ಬಸ್ಸು ಹೊರಟಿತು.

ಬಹಳ ಹೊತ್ತು ಅವಳು ಪುಸ್ತಕ ಮುಟ್ಟಲಿಲ್ಲ. ಊರು ದಾಟಿದ ಮೇಲೆ ತೆರೆದಳು.

“ಹೆಸರು, ಊರು ಸಿಗಬಹುದು ಎಂದು ನಿಮ್ಮ ಡೈರಿ ತೆರೆದೆ. ಹೆಸರು ಮೊದಲ ಪುಟದಲ್ಲೇ ಇತ್ತು. ಅಲ್ಲಿಗೆ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಯಾರೂ ಯಾವುದನ್ನೂ ಇಷ್ಟು ಚಂದವಾಗಿ ನೋಡಿ ಬರೆದದ್ದನ್ನು ನಾನು ಕಂಡಿರಲಿಲ್ಲ.

“ನಿಮ್ಮ ಪಟ್ಟಿ ನಾನು ಓದಿದ್ದೇನೆ. ನನ್ನದನ್ನು ನೀವು ಓದದಿದ್ದರೆ ಇಬ್ಬರ ನಡುವಿನ ಬದು ಸಮ ಆಗುವುದಿಲ್ಲ. ನನ್ನನ್ನು ಬೇಡ ಎಂದವರು ಏಳು ಮನೆಯವರು. ಕಾಯಂ ನೌಕರಿ ಅಲ್ಲ ಎಂದವರು ನಾಲ್ಕು. ಬಿಸಿಲಲ್ಲಿ ಅಡ್ಡಾಡಿ ಕರ್ರಗಾಗ್ಯಾನ ಎಂದವರು ಎರಡು. ಒಂದು ಮನೆಯವರು ಶಿಗ್ಗಾಂವಿಯಲ್ಲಿ ಚಹಾ ಕುಡಿಸಿ, ನಾನು ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗಲೇ ಒಳಗೆ ನಕ್ಕರು. ಅದು ನನಗೆ ಕೇಳಿಸಿತು. ಇದನ್ನು ನಮ್ಮ ಅವ್ವನಿಗೂ ಹೇಳಿಲ್ಲ.”

ರಂಜನಾಳ ಕಣ್ಣು ಮಂಜಾಯಿತು. ಪುಟ ತಿರುವಿದಳು.

“ಕಳೆದ ಸಾಮಾನಿನ ಕಚೇರಿ, ನಾಲ್ಕನೇ ಕಂತು. ಆ ಹೆಂಗಸು ಯಾರೂ ಕೇಳಿಕೊಂಡು ಬರದ ಒಂದು ಹಳೆಯ ಕೈಚೀಲವನ್ನು ದಿನಾ ಯಾಕೆ ಒರೆಸಿಡುತ್ತಾಳೆ? ಗೊತ್ತಾಗಲಿಲ್ಲ. ರಂಜನಾ ಅವರನ್ನು ಕೇಳಬೇಕು.

“ಐದನೇ ಕಂತು. ಅವರು ಬಸ್ಸಿಗೆ ಬರಲಿಲ್ಲ.

“ಆರನೇ ಕಂತು. ಬರಲಿಲ್ಲ.

“ಏಳು ನೋಡಲಿಲ್ಲ. ಕೇಳುವವರಿಲ್ಲದೆ ನೋಡಿ ಏನು ಮಾಡುವುದು?

“‘ಬಂದ್ರಿ’ ಎಂಬ ಮಾತು ನಿಮ್ಮ ಡೈರಿಯಿಂದಲೇ ತೆಗೆದುಕೊಂಡೆ. ಆದರೆ ಮೊದಲ ದಿನ ಮಾತ್ರ. ಎರಡನೇ ದಿನದಿಂದ ಅದು ನನ್ನದೇ. ನೀವು ಬಂದಿರೋ ಇಲ್ಲವೋ ಎಂಬುದು ನನಗೇ ಬೇಕಾಗಿತ್ತು.”

ಆಮೇಲೆ ಖಾಲಿ ಹಾಳೆಗಳು.

ನಡುವಿನ ಹಳ್ಳಿಯಲ್ಲಿ ಬಸ್ಸು ನಿಂತಿತು. ಅವಳು ಅಂದು ಇಳಿದಿದ್ದ ಅದೇ ಸ್ಟಾಪು. ದಪ್ಪನೆಯ ಹೆಂಗಸೊಬ್ಬಳು ಕೈಚೀಲ ಹಿಡಿದು ಹತ್ತಿ, ಏದುಸಿರು ಬಿಡುತ್ತ ಖಾಲಿ ಸೀಟಿನ ಹತ್ತಿರ ಬಂದಳು. ರಂಜನಾ ಓದಿ ಮುಗಿಸಿ ಪುಸ್ತಕವನ್ನು ಮತ್ತೆ ಅಲ್ಲೇ ಇಟ್ಟಿದ್ದಳು. ತನಗೇ ತಿಳಿಯದೆ.

“ಇಲ್ಲೆ ಯಾರರ ಬರ್ತಾರೇನ ತಂಗಿ?”

ಒಂದು ಮಾತು. ಇಲ್ಲ ಎಂದರೆ ಮುಗಿಯಿತು. ಪುಸ್ತಕ ಎತ್ತಿ ತೊಡೆಯ ಮೇಲಿಟ್ಟುಕೊಂಡರೆ ಸಾಕು, ನಾಳೆ ಸವಣೂರಿನವರು ಬರುತ್ತಾರೆ, ಇವಳು ಹ್ಞೂಂ ಅನ್ನುತ್ತಾಳೆ, ಎಲ್ಲ ಮುಗಿಯುತ್ತದೆ.

ರಂಜನಾ ಎದ್ದು ನಿಂತಳು.

“ನೀವು ನನ್ನ ಸೀಟಿಗೆ ಕುಂದರ್ರಿ, ಚಿಗವ್ವಾರ. ಇಲ್ಲೆ... ಇಲ್ಲೆ ಬರ್ತಾರ್ರಿ.”

ರಟ್ಟೀಹಳ್ಳಿಯವರೆಗೆ ಅವಳು ನಿಂತೇ ಬಂದಳು. ಮಂದಿ ಬೈದರು. ಬೈಸಿಕೊಂಡಳು.

* * *

“ಅವ್ವಾ, ಬಂದೆ.”

ಒಲೆಯ ಮುಂದಿದ್ದ ಸರೋಜವ್ವ ಬೆಚ್ಚಿ ತಿರುಗಿದಳು. “ಬಂದಿ ಅಂತ ಕಾಣಾಕತ್ತೈತಲ್ಲ! ಏನಾತ?”

“ಸವಣೂರವರು ಬ್ಯಾಡ.”

“ಆಂ? ಹ್ಞೂಂ ಅಂದಿದ್ಯಲ್ಲ!”

“ದಣದು ಅಂದಿದ್ದೆ ಬೇ. ಮನಸಿನಿಂದ ಅಂದಿರಲಿಲ್ಲ.” ಬ್ಯಾಗು ಕೆಳಗಿಳಿಸಿದಳು. “ನನ್ನ ಬಾಜೂ... ಸೀಟು ಹಿಡದಾರ.”

ಸರೋಜವ್ವ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಯಾರು, ಏನು, ಯಾವ ಊರು ಎಂದು ಒಂದೂ ಕೇಳಲಿಲ್ಲ. ಮೊದಲು ಒಂದು ಮಣೆ ಸರಿಸಿ ಮಗಳಿಗೆ ಕೊಟ್ಟಳು.

“ಕುಂದರು. ಸವಣೂರಿಗೆ ಫೋನ್ ಮಾಡಾಕ ನಿಮ್ಮಪ್ಪಗ ಹೇಳ್ತೇನಿ. ನೋಡಾಕ ಬಂದವರಿಗೆ ಒಂಬತ್ತು ಸಲ ಶಿರಾ ಮಾಡೇನಿ ನಾನೂ. ನನಗರ ಸಾಕಾಗಿಲ್ಲ ಅಂತ ತಿಳದೀಯೇನು?”

ತಾಯಿ ಮಗಳು ಇಬ್ಬರೂ ನಕ್ಕರು. ನಗುತ್ತಲೇ ಇಬ್ಬರಿಗೂ ಕಣ್ಣೀರು ಬಂತು.

* * *

ಸೋಮವಾರ ಬೆಳಿಗ್ಗೆ ಲೋಹಿತ ಎಂದಿನ ಬಸ್ಸು ಹತ್ತಿದ. ಬರಿಗೈ. ಟವೆಲ್ ಕೂಡ ತಂದಿರಲಿಲ್ಲ.

ಮೂರನೇ ಸಾಲಿನಲ್ಲಿ, ಕಿಟಕಿಯ ಪಕ್ಕ, ರಂಜನಾ ಕುಳಿತಿದ್ದಳು. ಅವಳ ಪಕ್ಕದ ಸೀಟಿನ ಮೇಲೆ ಕಂದು ಹೊದಿಕೆಯ ಡೈರಿ ಇತ್ತು.

ಅವನು ಅಲ್ಲೇ ನಿಂತ. ಹಿಂದಿನವರು ನೂಕಿದರೂ ಅಲುಗಲಿಲ್ಲ.

“ಬಂದ್ರಿ?” ಎಂದಳು ರಂಜನಾ. ಈ ಸಲ ಅವಳು.

ಲೋಹಿತ ಡೈರಿ ನೋಡಿದ, ಅವಳನ್ನು ನೋಡಿದ. “...ಬಂದೆ.”

ಡೈರಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕುಳಿತ. ವಾಪಸು ಕೊಡಲು ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

“ಇರಲಿ. ಈ ಸಲ ನಾನ ಕೊಟ್ಟೇನಿ. ಓದ್ರಿ.”

“ತಪ್ಪಾತ್ರಿ, ರಂಜನಾ ಅವರ. ಸುಳ್ಳು ಹೇಳಬಾರದಿತ್ತು.”

“ಇನ್ನೊಮ್ಮೆ ಹೇಳಿದ್ರ ಬಿಬಿಜಾನಕ್ಕನ ಕಡೆ ಕಳಸ್ತೇನಿ.” ಕಿಟಕಿಯ ಹೊರಗೆ ನೋಡುತ್ತ, ಒಂದೇ ಉಸಿರಿಗೆ ಹೇಳಿಬಿಟ್ಟಳು. “ನೀವಂದ್ರ ನನಗ ಇಷ್ಟ.”

ಲೋಹಿತ ಬಹಳ ಹೊತ್ತು ಮಾತಾಡಲಿಲ್ಲ. ಈ ಸಲದ ಮೌನ ಅವಳು ಡೈರಿಯಲ್ಲಿ ಬರೆದಷ್ಟೇ ಚಂದವಿತ್ತು.

“ನನಗೂ, ಮೊದಲನೇ ಪುಟದಿಂದ,” ಎಂದ. ಆಮೇಲೆ, “ಆದ್ರ ಇನ್ನೂ ಹತ್ತನೇ ಕಂತು ಬಂದಿಲ್ಲಲ್ರಿ?”

“ನಾ ದಣದೇನ್ರಿ. ಅಲ್ಲೀತನಕ ಛತ್ರಿ ಹಿಡಿಯಾಕ ಆಗೂದಿಲ್ಲ.”

“ಹಂಗಾದ್ರ ಒಂದು ಮಾತು. ಮೊದಲನೇ ದಿನ ನನಗ ‘ಅಣ್ಣಾರ’ ಅಂದಿದ್ರಿ. ಅದನ್ನ ವಾಪಸ್ ತಗೊಳ್ರಿ.”

“ತಗೊಂಡೆ!”

ಇಬ್ಬರೂ ನಕ್ಕರು. ಐತವಾರ ಮನೆಗೆ ಬನ್ನಿ, ಅವ್ವ ಶಿರಾ ಮಾಡುವುದಿಲ್ಲವಂತೆ, ಬರೇ ಚಹಾ ಎಂದು ಅವಳು ಹೇಳಿದಳು. ಅಷ್ಟು ಹೇಳಿದ ಮೇಲೆ ಎಷ್ಟೋ ವರ್ಷದ ದಣಿವು ಒಮ್ಮೆಲೇ ಮೈಮೇಲೆ ಬಂದಂತಾಯಿತು. ಕಣ್ಣು ಎಳೆದವು. ಧಾರಾವಾಹಿಯ ರೈಲಿನಲ್ಲಿ ಮಲಗುವ ಹೆಂಗಸರ ಹಾಗೆ, ಅವಳ ತಲೆ ಮೆಲ್ಲಗೆ ಅವನ ಹೆಗಲಿಗೆ ತಾಗಿತು.

ಲೋಹಿತ ಡೈರಿಯ ಮೊದಲ ಪುಟ ತೆರೆದಿದ್ದ. ಹಿರೇಕೆರೂರು ಬರುವವರೆಗೂ ಎರಡನೆಯದಕ್ಕೆ ತಿರುವಲಿಲ್ಲ. ಹಾಳೆಯ ಸಪ್ಪಳಕ್ಕೆ ಅವಳು ಎಚ್ಚರಾಗಬಾರದಲ್ಲ!

ನಿಲ್ದಾಣದಲ್ಲಿ ಇಳಿದು ಇಬ್ಬರೂ ಒಂದೊಂದು ದಾರಿ ಹಿಡಿಯುವ ಮೊದಲು ಅವಳು ತಿರುಗಿ ನಿಂತಳು.

“ಬರ್ತೇನ್ರಿ.”

“ಹೋಗಿ ಬರ್ರಿ. ಸಂಜೀಕ ಸೀಟು?”

“ನಾನ ಹಿಡದಿರ್ತೇನಿ. ನೀವು ಬರ್ರಿ ಸಾಕು.”